ಹಗುರ ವಾರ

ಕುರ್ಚಿ ಬಂದದ್ದು ಒಂದು ಸೋಮವಾರ ಬೆಳಗ್ಗೆ, ಮೊದಲ ಸರದಿಯ ಬ್ರೆಡ್ಡು ಭಟ್ಟಿಯಿಂದ ಇಳಿದು ಎರಡನೆಯದರ ಹಿಟ್ಟು ಬಟ್ಟೆಯಡಿ ಉಬ್ಬುತ್ತಿದ್ದ ಹೊತ್ತಿನಲ್ಲಿ. ಎತ್ತರದ ಕಾಲು, ಒರಗಿಕೊಳ್ಳಲು ಬೆನ್ನು, ಕೂರಲು ಕೆಂಪು ಮೆತ್ತೆ. ಅಣ್ಣ ಅದನ್ನು ಕೌಂಟರಿನ ಹಿಂದೆ ಇಡಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಮದುಮಗನನ್ನು ನೋಡುವಂತೆ ನೋಡಿದ.

"ಯಾರಿಗೆ ಇದು?" ಎಂದಳು ಒಳಗಿನಿಂದ ಬಂದ ತಂಗಿ, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು.

"ನಿನಗೇ ಕಣೇ. ಐವತ್ತಮೂರಾಯ್ತು. ಇನ್ನು ಇಲ್ಲಿ ಕೂತ್ಕೊಂಡು ಬನ್ನು ಕೊಡು. ಒಳಗಡೆಗೆ ಒಂದು ನಾದೋ ಮಷೀನು ತರಿಸ್ತೀನಿ, ಮೂಟೆ ಹೊರೋಕೆ ಯಾರನ್ನಾದ್ರೂ ನೋಡ್ತೀನಿ."

ಆ ಬೇಕರಿ ಅವರ ಅಪ್ಪ ಇಟ್ಟದ್ದು. ತಂಗಿ ಏಳು ವರ್ಷದವಳಿದ್ದಾಗಿನಿಂದ ಒಳಕೋಣೆಗೆ ಹೋದರೆ ಬೆಳ್ಳಗಾಗಿಯೇ ಹೊರಗೆ ಬರುತ್ತಿದ್ದಳು. ಬೀದಿಯವರು ಅವಳಿಗೆ ಹಿಟ್ಟಕ್ಕ ಎಂದೇ ಹೆಸರಿಟ್ಟರು. ಮದುವೆಯ ಮಾತು ಬಂದಾಗಲೆಲ್ಲ ಹಿಟ್ಟು ಹುಳಿ ಬರುತ್ತದೆ ಎಂದು ಎದ್ದು ಹೋಗುತ್ತಿದ್ದಳಂತೆ. ಪ್ರತಿದಿನ ಮೊದಲ ಬ್ರೆಡ್ಡು ಭಟ್ಟಿಗೆ ಹೋಗುವ ಮುನ್ನ ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುವಳು. ಏನು ಬೇಡಿಕೊಳ್ಳುತ್ತೀಯ ಎಂದು ಅತ್ತಿಗೆ ಒಮ್ಮೆ ಕೇಳಿದ್ದಕ್ಕೆ, "ಬೇಡೋದೇನಿದೆ, ಇಷ್ಟು ದೂರ ತಂದಿದೀನಿ, ಇನ್ನು ನೀನು ನೋಡ್ಕೋ ಅಂತೀನಿ" ಎಂದಿದ್ದಳು. ಅವಳ ಪಾಲಿಗೆ ಆ ಒಳಕೋಣೆ ದೇವರ ಮನೆಯೂ ಹೌದು. ಅಲ್ಲಿಂದ ಎಬ್ಬಿಸಿ ಕೆಂಪು ಮೆತ್ತೆಯ ಮೇಲೆ ಕೂರಿಸುವುದೆಂದರೆ!

ಅಣ್ಣನ ಭಯವೂ ಸುಳ್ಳಲ್ಲ. ನಲವತ್ತನೆಯ ವಯಸ್ಸಿನಲ್ಲಿ ಒಂದು ಮೂಟೆ ಎತ್ತಲು ಹೋಗಿ ಅವನ ಸೊಂಟ ಹಿಡಿದುಕೊಂಡದ್ದು ಇವತ್ತಿಗೂ ಬಿಟ್ಟಿಲ್ಲ; ಅಂದಿನಿಂದ ಮೂಟೆಯ ಕೆಲಸವೆಲ್ಲ ತಂಗಿಯದೇ. ಹೋದ ತಿಂಗಳು ಅವಳು ಮೂಟೆಯೊಂದಿಗೆ ಜಾರಿಬಿದ್ದಾಗ ಒಡೆದ ಮೂಟೆಯ ಹಿಟ್ಟಿನ ನಡುವೆ ನಗುತ್ತಾ ಎದ್ದಳು. ಅಣ್ಣ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ನನ್ನ ಕೈಲಾಗಲ್ಲ ಅಂತ ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳಬೇಕಾಗಿಲ್ಲ. ಮೊಣಕಾಲು ಹೇಳುತ್ತೆ, ಸ್ವಲ್ಪ ದಿನ ತಾಳು."

"ಎಷ್ಟು ಎತ್ತಿ ತೋರಿಸಿದ್ರೆ ನಂಬ್ತೀಯ?"

ಅಣ್ಣ ಸುತ್ತ ನೋಡಿದ. ಕೌಂಟರಿನ ಗಾಜಿನ ಮೇಲೆ ಒಂದು ಹಳದಿ ಕಾಗದ ಅಂಟಿಸಿತ್ತು. ಐವತ್ತು ದಾಟಿದವರಿಗೆ ಭಾರ ಎತ್ತುವ ಸ್ಪರ್ಧೆ, ಆರು ತಿಂಗಳ ಅನಂತರ ಒಂದು ಭಾನುವಾರ. ಹಿಂದಿನ ಬೀದಿಯ ಜಿಮ್ಮಿನವರು ಬನ್ನು ಕೊಳ್ಳಲು ಬಂದಾಗ ಅಂಟಿಸಿ ಹೋಗಿದ್ದರು.

"ನೂರು ಕೆಜಿ," ಎಂದ ಅಣ್ಣ, ಅಸಾಧ್ಯವಾದದ್ದನ್ನು ಆರಿಸಿದ ನೆಮ್ಮದಿಯಲ್ಲಿ. "ನಾಲ್ಕು ಮೂಟೆ ಒಂದೇ ಸಲಕ್ಕೆ. ಅಲ್ಲಿ ಎಲ್ಲರ ಮುಂದೆ ನೆಲದಿಂದ ಎತ್ತು, ಈ ಕುರ್ಚಿ ಸುದ್ದಿ ಎತ್ತಲ್ಲ. ಆದ್ರೆ ಅಲ್ಲೀವರೆಗೂ ಒಂದೇ ಒಂದು ಮೂಟೆ ಬೇರೆಯವರ ಹೆಗಲಿಗೆ ಹೋದ್ರೂ, ಕುರ್ಚಿ ನಿಂದು."

"ಆಯ್ತು," ಎಂದಳು ಹಿಟ್ಟಕ್ಕ.

ಅಂದೇ ಮಧ್ಯಾಹ್ನ, ಬ್ರೆಡ್ಡಿನ ಕೆಲಸ ಮುಗಿದ ಕೂಡಲೇ ಜಿಮ್ಮಿಗೆ ಹೋದಳು. ಹಿಂದೆ ಸೈಕಲ್ ನಿಲ್ಲಿಸುತ್ತಿದ್ದ ಉದ್ದನೆಯ ಶೆಡ್ಡು ಅದು. ನೆಲಕ್ಕೆ ರಬ್ಬರು ಹಾಸು, ಗೋಡೆಗೆ ಕಬ್ಬಿಣದ ಪ್ಲೇಟುಗಳು. ನಡೆಸುತ್ತಿದ್ದವರು ಮೂವತ್ತು ವರ್ಷ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದ ಟೀಚರ್. ಒಣಕಲು ಮೈ, ಕೊರಳಲ್ಲಿ ಇನ್ನೂ ಸೀಟಿ. ಹಿಟ್ಟಕ್ಕ ಬಂದ ವಿಷಯ ಕೇಳಿ ಅವರು ನಗಲಿಲ್ಲ. ಅವಳ ಅಂಗೈ ತಿರುಗಿಸಿ ನೋಡಿದರು, ಬೆರಳುಗಳನ್ನು ಒತ್ತಿ ನೋಡಿದರು. "ಈ ಕೈ ಯಾವುದನ್ನೂ ಬಿಡಲ್ಲ," ಎಂದರು. ನೆಟ್ಟಗೆ ನಿಲ್ಲುವುದು, ಬೆನ್ನು ಬಗ್ಗಿಸದೆ ಕೂರುವುದು ಹೇಳಿಕೊಟ್ಟು ರಾಡು ಎತ್ತಿಸಿದರು. ಎಪ್ಪತ್ತು ಕೆಜಿ ಎದ್ದಿತು. ಅದರ ಮೇಲೆ ಒಂದು ಕೆಜಿಯೂ ಮಿಸುಕಲಿಲ್ಲ.

"ಇನ್ನು ಮೂವತ್ತು," ಎಂದಳು ಹಿಟ್ಟಕ್ಕ. "ದಿನಾ ಒಂದೊಂದು ಕೆಜಿ ಹಾಕ್ತಾ ಹೋದ್ರೆ ಮುಂದಿನ ತಿಂಗಳಿಗೇ ಮುಗೀತಲ್ಲ, ಟೀಚರ್?"

"ಮುಗಿಯುತ್ತೆ. ನೀನೂ ಮುಗೀತೀಯ."

ಟೀಚರ್ ಚೌಕದ ಗೆರೆಯ ಕಾಗದ ತೆಗೆದು ಬರೆಯತೊಡಗಿದರು. ಇಪ್ಪತ್ತನಾಲ್ಕು ವಾರ, ನಾಲ್ಕು ನಾಲ್ಕು ವಾರದ ಆರು ಸುತ್ತು. ಮೊದಲ ವಾರ ಕಡಿಮೆ ಭಾರ, ಹೆಚ್ಚು ಸಲ. ಎರಡನೆಯ ವಾರ ಭಾರ ಸ್ವಲ್ಪ ಏರಿ, ಎತ್ತುವ ಸಲ ಇಳಿಯುವುದು. ಮೂರನೆಯ ವಾರ ಇನ್ನೂ ಭಾರ, ಕೆಲವೇ ಸಲ, ಹಲ್ಲು ಕಚ್ಚಿ. ನಾಲ್ಕನೆಯ ವಾರ ಅರ್ಧ ಭಾರ, ಆಟದ ಹಾಗೆ. ಅದು ಹಗುರ ವಾರ. ಅದು ಕಳೆದು ಹೊಸ ಸುತ್ತಿನ ಮೊದಲ ದಿನ ಒಂದು ಪರೀಕ್ಷೆ: ಒಂದೇ ಸಲ, ಆದಷ್ಟು ಭಾರ. ಆಮೇಲೆ ಹಿಂದಿನ ಸುತ್ತಿಗಿಂತ ತುಸು ಮೇಲಿನಿಂದ ಶುರು. ಕಾಗದದ ಮೇಲೆ ಅದು ಮೂರು ಮೆಟ್ಟಿಲು ಹತ್ತಿ ಒಂದು ಇಳಿಯುವ ಚಿತ್ರವಾಯಿತು.

"ಹತ್ತಿದ್ದನ್ನ ಇಳಿಯೋದ್ಯಾಕೆ, ಟೀಚರ್? ಒಂದು ವಾರ ದಂಡ ಅಲ್ವಾ?"

"ನಾದಿದ ಹಿಟ್ಟನ್ನ ಏನ್ ಮಾಡ್ತೀಯ?"

"ಬಟ್ಟೆ ಮುಚ್ಚಿ ಬಿಡ್ತೀನಿ."

"ಯಾಕೆ ಬಿಡ್ಬೇಕು? ಇನ್ನೂ ನಾದು."

"ನಾದ್ತಾನೇ ಇದ್ರೆ ಅದು ಉಬ್ಬೋದು ಯಾವಾಗ..." ಎಂದವಳು ಅಲ್ಲಿಗೇ ನಿಂತಳು. ಮುಖದಲ್ಲಿ ಭಟ್ಟಿಯ ಬಾಗಿಲು ತೆರೆದಂತೆ ಬೆಳಕು. ನಲವತ್ತು ವರ್ಷದಿಂದ ಬಲ್ಲ ಸಂಗತಿ ತನ್ನ ಮೈಗೂ ಸಲ್ಲುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಲಗಿದ್ದಾಗ ಬೆಳೆಸುವ ಕೈಯೊಂದಿದೆ, ಅದರ ಪಾಲಿನ ಹೊತ್ತನ್ನು ಅದಕ್ಕೆ ಬಿಟ್ಟುಕೊಡಬೇಕು. ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟವಳಿಗೆ ಮನೆಯ ದಾರಿ ಸವೆದದ್ದೇ ತಿಳಿಯಲಿಲ್ಲ.

ಮೊದಲ ಸುತ್ತು ಹಬ್ಬದಂತೆ ಕಳೆಯಿತು. ವಾರಕ್ಕೆ ಮೂರು ಮಧ್ಯಾಹ್ನ ಶೆಡ್ಡು, ಉಳಿದಂತೆ ಹಿಟ್ಟು, ಭಟ್ಟಿ. ಹಗುರ ವಾರದಲ್ಲಿ ಟೀಚರ್ ಅರ್ಧ ಭಾರ ಎತ್ತಿಸಿ, "ಬೇರೆಲ್ಲೂ ಭಾರ ಎತ್ತಬೇಡ" ಎಂದರು. "ಎಲ್ಲಿ ಎತ್ಲಿ, ಟೀಚರ್, ನನಗೆ ಬೇರೆ ಏನು ಕೆಲಸ" ಎಂದಳು ಅವಳು. ಆ ಮಂಗಳವಾರ ಎಂದಿನಂತೆ ಗಿರಣಿಯ ಲಾರಿ ಬಂತು, ಹಿಟ್ಟಕ್ಕ ಹಿಟ್ಟು ಇಳಿಸಿದಳು, ಕೈ ಕೊಡವಿಕೊಂಡು ಮುಂದಿನ ಕೆಲಸಕ್ಕೆ ಹೋದಳು. ಪರೀಕ್ಷೆಯ ದಿನ ಎಪ್ಪತ್ತೇಳು ಎದ್ದಿತು. ಅವಳು ಶೆಡ್ಡಿನಲ್ಲಿದ್ದವರಿಗೆಲ್ಲ ಬನ್ನು ಹಂಚಿದಳು.

ಎರಡನೆಯ ಸುತ್ತಿನ ಕೊನೆಗೆ ಎಂಬತ್ತು. ಪರವಾಗಿಲ್ಲ ಎಂದುಕೊಂಡರು.

ಮೂರನೆಯ ಸುತ್ತಿನ ಕೊನೆಗೂ ಎಂಬತ್ತೇ. ಎಂಬತ್ತೆರಡು ಮೊಣಕಾಲಿನ ತನಕ ಬಂದು, ಮರೆತದ್ದೇನೋ ನೆನಪಾಗಿ ತರಲು ಹೋಗುವವರಂತೆ ತಿರುಗಿ ನೆಲಕ್ಕೆ ಹೋಯಿತು.

ಟೀಚರ್ ಕಾಗದವನ್ನು ಮತ್ತೆ ಮತ್ತೆ ನೋಡಿದರು. ಅವರ ಪಾಠದಲ್ಲಿ ತಪ್ಪಿರಲಿಲ್ಲ. "ಸರಿಯಾಗಿ ನಿದ್ದೆ ಮಾಡ್ತಿದೀಯಾ?" ಮಾಡುತ್ತಿದ್ದಳು. "ಊಟ?" ಇಬ್ಬರ ಊಟ ಒಬ್ಬಳೇ. "ಹಗುರ ವಾರದಲ್ಲಿ ಕದ್ದು ಮುಚ್ಚಿ ಭಾರ ಎತ್ತಿದೀಯಾ, ನಿಜ ಹೇಳು."

"ದೇವರಾಣೆ ಇಲ್ಲ, ಟೀಚರ್." ಅವಳು ಎದೆ ಮುಟ್ಟಿಕೊಂಡು ಹೇಳಿದಳು. ಅವಳು ಸುಳ್ಳು ಹೇಳುವ ಜಾತಿಯವಳಲ್ಲ.

ಬೇಕರಿಯಲ್ಲಿ ಅಣ್ಣ ಕುರ್ಚಿಯ ಮೆತ್ತೆಯ ಮೇಲಿನ ದೂಳು ಒರೆಸುತ್ತಿದ್ದ. "ಗರಡಿ ಹೇಗಿದೆ ಪೈಲ್ವಾನರೇ?" ಎಂದ. ಅವಳು ಒಳಗೆ ಹೋಗಿ, ಅಂದಿನ ಹಿಟ್ಟನ್ನು ಎಷ್ಟು ಬಡಿದಳೆಂದರೆ ಅತ್ತಿಗೆ ಬಂದು, "ಅದೇನು ತಪ್ಪು ಮಾಡ್ತು ಪಾಪ" ಎಂದು ಕೈ ಹಿಡಿದಳು.

ನಾಲ್ಕನೆಯ ಸುತ್ತಿನಲ್ಲಿ ಒಂದು ಸಣ್ಣ ಏರುಪೇರಾಯಿತು. ಹಗುರ ವಾರದ ಮಂಗಳವಾರ ಲಾರಿ ಬರಲಿಲ್ಲ. ಎಂಜಿನ್ ಕೆಟ್ಟು ನಿಂತಿದೆ, ಇನ್ನೊಂದು ವಾರ ಆಗುತ್ತದೆ ಎಂದು ಗಿರಣಿಯವರು ಹೇಳಿ ಕಳಿಸಿದರು. ಚೀಲಗಳ ತಳ ಗುಡಿಸಿ ಬ್ರೆಡ್ಡನ್ನು ಅರ್ಧಕ್ಕಿಳಿಸಿದರು. ಅತ್ತಿಗೆ ಗಿರಾಕಿಗಳನ್ನು ನಗಿಸಿ ಕಳಿಸಿದಳು. ಹಿಟ್ಟಕ್ಕ ಮಧ್ಯಾಹ್ನ ಮಲಗಿ ನಿದ್ದೆ ಹೋದಳು, ಬುದ್ಧಿ ಬಂದ ಮೇಲೆ ಮೊದಲ ಸಲ.

ಸೋಮವಾರ ಪರೀಕ್ಷೆ. ಎಂಬತ್ತು ಹಾಕಿದರು. ಅವಳು ಎಂದಿನಂತೆ ಕಣ್ಣು ಮುಚ್ಚಿ, ಇಷ್ಟು ದೂರ ತಂದಿದ್ದೇನೆ, ಇನ್ನು ನೀನು ನೋಡಿಕೋ ಎಂದು ಮನಸ್ಸಿನಲ್ಲಿ ಹೇಳಿ, ರಾಡು ಹಿಡಿದು ಎದ್ದಳು. ರಾಡು ಅವಳಿಗಿಂತ ಮುಂಚೆಯೇ ಎದ್ದಂತಾಯಿತು. ಹೂ ಎತ್ತಿದ ಹಾಗೆ.

"ತಪ್ಪು ಪ್ಲೇಟ್ ಹಾಕಿದೀರ, ಟೀಚರ್."

ಟೀಚರ್ ಎಣಿಸಿದರು. ಎಂಬತ್ತೇ. ಎಂಬತ್ತನಾಲ್ಕು ಹಾಕಿದರು, ಎದ್ದಿತು. ಎಂಬತ್ತೆಂಟು ಹಾಕಿದರು. ಶೆಡ್ಡಿನಲ್ಲಿದ್ದವರೆಲ್ಲ ತಮ್ಮ ತಮ್ಮ ಡಂಬೆಲ್ಲು ಕೆಳಗಿಟ್ಟು ಬಂದು ನಿಂತರು. ರಾಡು ಮೊಣಕಾಲು ದಾಟಿತು, ತೊಡೆಗೆ ತಾಗಿತು, ಅವಳು ನೆಟ್ಟಗೆ ನಿಂತಳು, ನಿಂತೇ ಇದ್ದಳು. ಇಳಿಸುವುದೇ ಮರೆತುಹೋಗಿತ್ತು. ಟೀಚರ್ ಸೀಟಿ ಊದಿದರು, ಶಾಲೆ ಬಿಟ್ಟ ಮೇಲೆ ಮೊದಲ ಸಲ.

"ಏನ್ ಮಾಡಿದೆ ಈ ವಾರ? ಏನ್ ತಿಂದೆ?"

"ಏನೂ ಇಲ್ಲ. ಬ್ರೆಡ್ಡು ಕಡಿಮೆ ಇತ್ತು, ಅದೂ ತಿನ್ನಲಿಲ್ಲ."

ಕುಣಿಯುತ್ತಾ ಮನೆಗೆ ಬಂದಳು. ಅತ್ತಿಗೆ ಇದು ತನ್ನ ಪ್ರಾರ್ಥನೆಯ ಫಲ ಎಂದಳು. ಅಣ್ಣ ಟೀಚರ ರಾಡು ಟೊಳ್ಳಿರಬೇಕು ಎಂದ. ಮೂವರೂ ನಕ್ಕರು. ಆದರೆ ಹಿಟ್ಟಕ್ಕನಿಗೆ ಸಮಾಧಾನವಿಲ್ಲ. ಬ್ರೆಡ್ಡು ಒಮ್ಮೆ ಚೆನ್ನಾಗಿ ಉಬ್ಬಿದರೆ ಯಾಕೆ ಉಬ್ಬಿತು ಎಂದು ತಿಳಿಯುವವರೆಗೆ ಅವಳು ಅದನ್ನು ತನ್ನದೆಂದು ಒಪ್ಪುತ್ತಿರಲಿಲ್ಲ.

ಮರುದಿನ ಲಾರಿ ಬಂತು. ಅವಳು ಎಂದಿನಂತೆ ಹಿಟ್ಟು ಇಳಿಸಿದಳು. ಬುಧವಾರ ಶೆಡ್ಡಿಗೆ ಹೋದರೆ ಅರವತ್ತು ಕೆಜಿಗೇ ಬೆನ್ನು ಗೊಣಗಿತು, ಕೈ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಎಂಬತ್ತೆಂಟು ಎತ್ತಿದವಳು ಇವಳೇನಾ ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಅವಳು ಬೆಂಚಿನ ಮೇಲೆ ಕೂತಳು. ತನ್ನ ಹೆಗಲನ್ನು ತಾನೇ ಮುಟ್ಟಿ ನೋಡಿಕೊಂಡಳು. ಚೀಲದ ದಾರ ಒತ್ತಿದ ಗೆರೆ ಅಲ್ಲಿ ಇನ್ನೂ ಕೆಂಪಗಿತ್ತು.

"ಟೀಚರ್," ಎಂದಳು ಮೆಲ್ಲಗೆ. "ಹಿಟ್ಟು ಇಳಿಸೋದು ಭಾರ ಎತ್ತೋದರಲ್ಲಿ ಸೇರುತ್ತಾ?"

"ಯಾವ ಹಿಟ್ಟು?"

"ಲಾರಿ ಹಿಟ್ಟು. ನಾಲ್ಕು ವಾರಕ್ಕೊಂದ್ಸಲ ಬರುತ್ತಲ್ಲ."

"ಎಷ್ಟು ಬರುತ್ತೆ?"

"ಎಂಬತ್ತು ಮೂಟೆ."

"ಮೂಟೆ ಎಷ್ಟು ತೂಕ?"

"ಇಪ್ಪತ್ತೈದು."

"ಯಾರು ಇಳಿಸ್ತಾರೆ?"

"ನಾನೇ. ಇನ್ಯಾರು?"

ಟೀಚರ್ ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಅವಳ ಪಕ್ಕದಲ್ಲೇ ಕೂತರು. ಬೆರಳು ಮಡಚಿ ಲೆಕ್ಕ ಹಾಕಿದರು. "ಎರಡು ಸಾವಿರ ಕೆಜಿ," ಎಂದರು ಕೊನೆಗೆ. "ಹಗುರ ವಾರದಲ್ಲಿ. ದೇವರಾಣೆ ಇಟ್ಟು ಭಾರ ಎತ್ತಿಲ್ಲ ಅಂದೆಯಲ್ಲೇ, ಮಹರಾಯ್ತಿ."

"ಅದು ಭಾರ ಅಲ್ಲ, ಟೀಚರ್. ಅದು ಹಿಟ್ಟು."

ಅವರಿಬ್ಬರೂ ನಕ್ಕ ನಗೆಗೆ ಶೆಡ್ಡಿನ ತಗಡು ಅದುರಿತು. ಹಿಟ್ಟಕ್ಕ ಕಣ್ಣೀರು ಒರೆಸಿಕೊಂಡು ನಕ್ಕಳು. ಒಂದು ಕಡೆ ಟೀಚರ ಸುತ್ತು, ಇನ್ನೊಂದು ಕಡೆ ಗಿರಣಿಯ ಸುತ್ತು. ಎರಡೂ ನಾಲ್ಕು ವಾರದ್ದೇ, ಎರಡೂ ಅವಳ ಹೆಗಲ ಮೇಲೇ. ಮೈ ಉಬ್ಬಲೆಂದು ಬಟ್ಟೆ ಮುಚ್ಚಿದ ದಿನವೇ ಲಾರಿ ಬಂದು ಬಟ್ಟೆ ಕಿತ್ತು ಮತ್ತೆ ನಾದಿ ಹೋಗುತ್ತಿತ್ತು. ಆದರೆ ಈಗ ಗೊತ್ತಾಯಿತಲ್ಲ! ಗೊತ್ತಾದದ್ದೇ ಅವಳಿಗೆ ಹತ್ತು ಕೆಜಿ ಎತ್ತಿದಷ್ಟು ಖುಷಿ ಕೊಟ್ಟಿತು.

ನಗು ನಿಂತ ಮೇಲೆ ಟೀಚರ್ ಕಾಗದ ಬಿಡಿಸಿದರು. ಉಳಿದದ್ದು ಎಂಟು ವಾರ. "ಮುಂದಿನ ಲಾರಿ ಯಾವಾಗ?"

ಅದೇ ತೊಡಕು. ಇನ್ನು ಮುಂದೆ ಹಳೆಯ ಲೆಕ್ಕಕ್ಕೇ ಬರುತ್ತೇವೆ ಎಂದು ಡ್ರೈವರ್ ಹೇಳಿ ಹೋಗಿದ್ದ. ಹಾಗಾದರೆ ಐದನೆಯ ಸುತ್ತಿನ ಹಗುರ ವಾರಕ್ಕೆ ಒಂದು ಲಾರಿ, ಸ್ಪರ್ಧೆಯ ವಾರದ ಮಂಗಳವಾರ ಇನ್ನೊಂದು. ಮಂಗಳವಾರ ಎಂಬತ್ತು ಮೂಟೆ, ಭಾನುವಾರ ನೂರು ಕೆಜಿ.

"ಆ ಒಂದು ದಿನ ಯಾರಾದ್ರೂ ಇಳಿಸ್ಲಿ," ಎಂದರು ಟೀಚರ್.

"ಒಂದು ಮೂಟೆ ಬೇರೆಯವರ ಹೆಗಲಿಗೆ ಹೋದ್ರೂ ಕುರ್ಚಿ ನನ್ನದು, ಟೀಚರ್. ಮಾತು ಕೊಟ್ಟಿದೀನಿ."

ಅವಳು ಆ ಕಾಗದವನ್ನು ಹಿಡಿದೇ ಕೂತಳು. ಮೂರು ಮೆಟ್ಟಿಲು ಮೇಲೆ, ಒಂದು ಕೆಳಗೆ. ವಾರಕ್ಕೆ ಬೇಕರಿಗೆ ಬೇಕಾಗುವುದು ಇಪ್ಪತ್ತು ಮೂಟೆ. ಲಾರಿ ಹೇಗೂ ಪ್ರತಿ ವಾರ ಇದೇ ಬೀದಿಯಲ್ಲಿ ಆಚೆ ಅಂಗಡಿಗೆ ಹೋಗುತ್ತದೆ. ಇದ್ದಕ್ಕಿದ್ದಂತೆ ಪೆನ್ನು ಕಸಿದುಕೊಂಡು ಮೆಟ್ಟಿಲುಗಳ ಕೆಳಗೆ ತನ್ನ ದಪ್ಪ ಅಕ್ಷರದಲ್ಲಿ ಬರೆದಳು: ಮೊದಲ ವಾರ ಇಪ್ಪತ್ತು ಮೂಟೆ, ಎರಡನೆಯ ವಾರ ಇಪ್ಪತ್ತೈದು, ಮೂರನೆಯ ವಾರ ಮೂವತ್ತೈದು. ನಾಲ್ಕನೆಯ ವಾರ ಒಂದೂ ಇಲ್ಲ. ಮೂರರಲ್ಲಿ ಮಿಕ್ಕದ್ದೇ ನಾಲ್ಕಕ್ಕೆ ಸಾಕು.

ಟೀಚರ್ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಲಾರಿಗೇ ವ್ಯಾಯಾಮ ಹೇಳಿಕೊಟ್ಟೆಯಲ್ಲೇ," ಎಂದರು.

ಡ್ರೈವರ್ ತಲೆ ಕೆರೆದುಕೊಂಡು ಒಪ್ಪಿದ. ಬಂದ ಹಿಟ್ಟು ನಾಲ್ಕು ವಾರ ಸಾಕಾದ್ದರಿಂದ ಐದನೆಯ ಸುತ್ತಿನ ಹಗುರ ವಾರದ ಲಾರಿ ತಪ್ಪಿತು. ಅಣ್ಣನಿಗೆ ಅವಳು ಮುಚ್ಚಿಡಲಿಲ್ಲ. "ಎಂಬತ್ತೂ ನಾನೇ ಹೊರ್ತೀನಿ, ಕಂತಿನಲ್ಲಿ" ಎಂದಳು. ಅಣ್ಣ ಷರತ್ತಿನಲ್ಲಿ ಎಲ್ಲಾದರೂ ಸಂದು ಸಿಕ್ಕೀತೇ ಎಂದು ಯೋಚಿಸಿದ, ಸಿಗಲಿಲ್ಲ. "ಮೂಟೆ ಹೊರೋಕೂ ಟೈಮ್‌ಟೇಬಲ್ಲು," ಎಂದು ಗೊಣಗಿ, ಒಳಕೋಣೆಯಲ್ಲಿ ಓಡಾಡಲು ಜಾಗವಾದದ್ದನ್ನು ಕಂಡು ಸುಮ್ಮನಾದ.

ಐದನೆಯ ಸುತ್ತು ಕಳೆದು ತೊಂಬತ್ತನಾಲ್ಕು. ಆರನೆಯದರಲ್ಲಿ ರಾಡೂ ಮೂಟೆಯೂ ಒಟ್ಟಿಗೆ ಏರಿದವು, ಒಟ್ಟಿಗೆ ಇಳಿದವು. ಕೊನೆಯ ವಾರ ಅವಳಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಕೈ ಏನನ್ನಾದರೂ ಎತ್ತಲು ತವಕಿಸುತ್ತಿತ್ತು. ಬೆಂಚು ಸರಿಸಲು ಹೋದಾಗ ಅತ್ತಿಗೆ, "ಹಗುರ ವಾರ," ಎಂದು ಗದರಿದಳು. ನೀರಿನ ಕೊಡ ಮುಟ್ಟಿದಾಗಲೂ, "ಹಗುರ ವಾರ." ಹಿಟ್ಟು ಉಬ್ಬುವಾಗ ಬಟ್ಟೆ ಸರಿಸಿ ನೋಡಬಾರದು ಎಂದು ಅವಳೇ ಎಷ್ಟು ಸಲ ಅತ್ತಿಗೆಗೆ ಹೇಳಿದ್ದಳೋ.

ಭಾನುವಾರ ಶಾಲೆಯೊಂದರ ದೊಡ್ಡ ಹಾಲಿನಲ್ಲಿ ಸ್ಪರ್ಧೆ. "ಅಂಗಡಿ ಯಾರು ನೋಡ್ಕೋತಾರೆ" ಎಂದು ಅಣ್ಣ ಬರಲಿಲ್ಲ. ಅತ್ತಿಗೆ ಬಂದಳು. ಒಬ್ಬೊಬ್ಬರಿಗೆ ಮೂರು ಸರದಿ. ಬೆವರು ಹೀರಲೆಂದು ಅಂಗೈಗೆ ಹಚ್ಚಿಕೊಳ್ಳಲು ತಟ್ಟೆಯಲ್ಲಿ ಬಿಳಿಯ ಪುಡಿ ಇಟ್ಟಿದ್ದರು. ಎರಡೂ ಕೈ ಅದರಲ್ಲಿ ಅದ್ದಿ ಬೆಳ್ಳಗೆ ಮಾಡಿಕೊಂಡಾಗ ಅವಳಿಗೆ ಮನೆಗೆ ಬಂದಂತಾಯಿತು.

ಮೊದಲ ಸರದಿ, ತೊಂಬತ್ತೆರಡು. ಸಲೀಸು.

ಎರಡನೆಯದಕ್ಕೇ ನೂರು ಕೇಳಿದಳು. ಹಾಲಿನ ತುಂಬ ಗುಜುಗುಜು. ಆ ಸಡಗರದಲ್ಲಿ ರಾಡನ್ನು ಮೂಟೆಯಂತೆ ಜಗ್ಗಿಬಿಟ್ಟಳು, ಹೆಗಲಿಗೆ ಎಸೆಯುವ ಹಳೆಯ ಚಾಳಿ. ಮೊಣಕಾಲಿನ ಬಳಿ ರಾಡು ವಾಲಿತು, ದಢಾರನೆ ಬಿತ್ತು.

ಟೀಚರ್ ಹತ್ತಿರ ಬಂದು, "ಅದು ಹಿಟ್ಟಲ್ಲ," ಎಂದರು ಕಿವಿಯಲ್ಲಿ. "ಅದು ಭಾರ. ನಿಧಾನ."

ಉಳಿದದ್ದು ಒಂದು ಸರದಿ. ಬೆವರು ಒರೆಸಿಕೊಂಡು ತಲೆ ಎತ್ತಿದಾಗ ಹಾಲಿನ ಕೊನೆಯ ಬಾಗಿಲಲ್ಲಿ ಅಣ್ಣ ಕಂಡ. ಮೈಮೇಲೆ ಅಂಗಡಿಯ ಏಪ್ರನ್ನು ಹಾಗೇ ಇತ್ತು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಬಾಯಿಯ ಮೇಲೆ. ಅಪ್ಪನ ಕಾಲದಿಂದ ಬೆಳಗಿನ ಹೊತ್ತು ಮುಚ್ಚದ ಅಂಗಡಿಯನ್ನು ಮುಚ್ಚಿ ಬಂದಿದ್ದ.

ಅವಳು ರಾಡಿನ ಮುಂದೆ ನಿಂತು ಕಣ್ಣು ಮುಚ್ಚಿದಳು. ಇಷ್ಟು ದೂರ ತಂದಿದ್ದೇನೆ. ಇನ್ನು ನೀನು ನೋಡಿಕೋ.

ಬಗ್ಗಿದಳು. ಹಿಡಿದಳು. ಜಗ್ಗಲಿಲ್ಲ, ನೆಲವನ್ನು ಕಾಲಿನಿಂದ ಒತ್ತಿದಳು, ಒತ್ತುತ್ತಲೇ ಇದ್ದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ರಾಡು ನೆಲ ಬಿಟ್ಟಿತು, ಒಂದು ಬೆರಳಷ್ಟು, ಒಂದು ಗೇಣಷ್ಟು. ಬ್ರೆಡ್ಡು ಉಬ್ಬುವುದು ಕಣ್ಣಿಗೆ ಕಾಣುವುದಿಲ್ಲ, ಉಬ್ಬಿದ್ದು ಕಾಣುತ್ತದೆ. ಹಾಗೆ ಅದು ಮೊಣಕಾಲು ದಾಟಿದ್ದು ಯಾರಿಗೂ ತಿಳಿಯಲಿಲ್ಲ, ಅವಳು ನೆಟ್ಟಗೆ ನಿಂತದ್ದು ಎಲ್ಲರಿಗೂ ಕಂಡಿತು. ನಾಲ್ಕು ಮೂಟೆ ಒಂದೇ ಸಲಕ್ಕೆ. ರಾಡು ಇಳಿಸಬಹುದೆಂದು ತೀರ್ಪುಗಾರರು ಕೈ ಕೆಳಗೆ ಮಾಡುವ ಮುನ್ನವೇ ಟೀಚರ ಸೀಟಿ ಹಾಲನ್ನು ಸೀಳಿತು. ಅತ್ತಿಗೆ ಪಕ್ಕದಲ್ಲಿ ಕೂತಿದ್ದ, ಗುರುತೇ ಇಲ್ಲದ ಹೆಂಗಸನ್ನು ತಬ್ಬಿಕೊಂಡು ಅತ್ತಳು.

ಅಣ್ಣ ಹತ್ತಿರ ಬಂದ. ತಂಗಿಯ ಬಿಳಿ ಕೈಗಳನ್ನು ನೋಡಿದ, ರಾಡನ್ನು ನೋಡಿದ, ಕಾಲಿನಿಂದ ಮೆಲ್ಲಗೆ ತಳ್ಳಿ ನೋಡಿದ.

"ಟೊಳ್ಳಲ್ಲ," ಎಂದ.

ಅಂಗಡಿಗೆ ಹೋದ ಮೇಲೆ ಅವನು ಕೌಂಟರಿನ ಹಿಂದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಸೊಂಟ ಹಿಡಿದುಕೊಂಡು, ಮುಖ ಕಿವುಚಿ, ಕೆಂಪು ಮೆತ್ತೆಯ ಮೇಲೆ ತಾನೇ ಕೂತ. ಕೂತವನು ಹದಿನೈದು ವರ್ಷದ ಉಸಿರನ್ನು ಒಮ್ಮೆಲೇ ಬಿಟ್ಟ.

"ಚೆನ್ನಾಗಿದೆ ಕಣೇ ಇದು," ಎಂದ. ಮತ್ತೆ ಸ್ವಲ್ಪ ಹೊತ್ತಿಗೆ, ಗಾಜು ಒರೆಸುತ್ತಾ, ಯಾರಿಗೋ ಹೇಳಿದಂತೆ ಹೇಳಿದ: "ಆ ಟೀಚರಿಗೆ... ಸೊಂಟಕ್ಕೂ ಅಂಥ ಕಾಗದ ಬರೆಯೋಕೆ ಬರುತ್ತಾ?"

"ನಾನೇ ಬರೀತೀನಿ," ಎಂದಳು ಹಿಟ್ಟಕ್ಕ. ಬ್ರೆಡ್ಡು ಸುತ್ತುವ ಕಾಗದದ ಮೇಲೆ ನಾಲ್ಕು ಮೆಟ್ಟಿಲು ಗೀಚಿ, ಮೊದಲನೆಯದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದು ಅವನ ಮುಂದಿಟ್ಟಳು. ಅಣ್ಣ ಕನ್ನಡಕ ಏರಿಸಿ ಓದಿದ.

ಮೊದಲ ವಾರ: ಖಾಲಿ ಚೀಲ, ದಿನಕ್ಕೆ ಹತ್ತು ಸಲ.

"ಖಾಲೀನಾ?" ಎಂದ ಅಣ್ಣ, ಮುಖ ಸಣ್ಣದು ಮಾಡಿ.

"ಖಾಲಿನೇ. ನಿಧಾನ," ಎಂದು ಅವಳು ಒಳಗೆ ಹೋದಳು. ಹಿಟ್ಟು ಉಬ್ಬಿ ಬಟ್ಟೆಯನ್ನು ಎತ್ತಿಕೊಂಡು ಕಾಯುತ್ತಿತ್ತು.